ಬೆಂಗಳೂರಿಗೆ ನಾಟಕ ನೋಡಲು ಹೋಗುವುದಾದರೆ

ಪ್ರಶ್ನೆ: ನಾವು ಗೋಣಿಕೊಪ್ಪದ ಹತ್ತಿರದವರು, ಸಣ್ಣ ಕಾಫಿ ತೋಟ ಇದೆ. ಮಾವನವರಿಗೆ 74 ವರ್ಷ. ಮೈಸೂರಿನಲ್ಲಿ ಓದುವಾಗ ನಾಟಕದ ಹುಚ್ಚು ಹಿಡಿಸಿಕೊಂಡವರು, ಆಮೇಲೆ ತೋಟ, ಮನೆ ಅಂತ ಎಲ್ಲ ಬಿಟ್ಟುಹೋಯಿತು. ಅವರು, ನಾನು, ನನ್ನ ಗಂಡ, 10 ವರ್ಷದ ಮಗಳು ನಾಲ್ಕೂ ಜನ ಮೂರ‍್ನಾಲ್ಕು ದಿನ ಬಿಡುವು ಮಾಡಿಕೊಂಡು ಬೆಂಗಳೂರಿಗೆ ಹೋಗಿ ಒಳ್ಳೆಯ ನಾಟಕ ನೋಡಬೇಕು, ಹೆಸರು ಕೇಳಿರುವ ಹೋಟೆಲ್‌ಗಳಲ್ಲಿ ಊಟ ತಿಂಡಿ ಮಾಡಬೇಕು ಅಂತ ಆಸೆ. ಮಾವನವರಿಗೆ ಮಂಡಿ ನೋವಿದೆ. ಯಲಹಂಕದಲ್ಲಿ ನಾದಿನಿಯ ಮನೆ ಇದೆ. ಯಾವಾಗ ಹೋಗುವುದು, ಎಲ್ಲಿ ಉಳಿಯುವುದು, ಯಾವ ನಾಟಕ ಆರಿಸುವುದು, ಎಲ್ಲಿ ಊಟ ಮಾಡುವುದು? ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ: ನಿಮ್ಮ ಪತ್ರ ಓದಿ ಬಹಳ ಖುಷಿಯಾಯಿತು. ಮದುವೆ, ಆಸ್ಪತ್ರೆ, ಮಕ್ಕಳ ಕಾಲೇಜು ಅಂತ ಕೊಡಗಿನಿಂದ ಬೆಂಗಳೂರಿಗೆ ಹೋಗುವವರು ಬೇಕಾದಷ್ಟು ಜನ. ನಾಟಕಕ್ಕೇ ಅಂತ ಬಸ್ಸು ಹತ್ತುವವರು ಕಡಿಮೆ. ರಂಗದ ಹಿಂದೆ ಬೆಳಕಿನ ಕೆಲಸ ಮಾಡಿಕೊಂಡು ಬಂದವನು ನಾನು. ಮಡಿಕೇರಿ, ವಿರಾಜಪೇಟೆ ಕಡೆಯ ಗೆಳೆಯರನ್ನು ನಾಟಕಕ್ಕೆ ಕರೆದುಕೊಂಡು ಹೋಗುವ ಅಭ್ಯಾಸವೂ ಇದೆ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಮೊದಲು ಒಂದು ಮಾತು. ಸಾಮಾನ್ಯವಾಗಿ ಏನು ಮಾಡುತ್ತೇವೆ? ರೂಮು ಬುಕ್ ಮಾಡುತ್ತೇವೆ, ಬಸ್ಸಿನ ಟಿಕೆಟ್ ತೆಗೆಯುತ್ತೇವೆ, ನೋಡಬೇಕಾದ ಜಾಗಗಳ ಪಟ್ಟಿ ಹಾಕುತ್ತೇವೆ. ‘ಸಂಜೆ ಯಾವುದಾದರೂ ನಾಟಕ ಇದ್ದರೆ ಹೋಗೋಣ’ ಅಂತ ಕೊನೆಗೆ ಸೇರಿಸುತ್ತೇವೆ. ಹೀಗೆ ಮಾಡಿದರೆ ನಾಟಕ ತಪ್ಪಿಹೋಗುವುದು ಖಂಡಿತ. ದೋಸೆ ನಾಳೆಯೂ ಸಿಗುತ್ತದೆ, ಲಾಲ್‌ಬಾಗು ಮುಂದಿನ ವರ್ಷವೂ ಅಲ್ಲೇ ಇರುತ್ತದೆ. ಒಂದು ತಂಡದ ಒಂದು ನಾಟಕ ಈ ಶನಿವಾರ ಮುಗಿದರೆ ಮತ್ತೆ ಯಾವಾಗ ಆಡುತ್ತಾರೋ, ಆಡುತ್ತಾರೋ ಇಲ್ಲವೋ ಹೇಳುವ ಹಾಗಿಲ್ಲ. ಆದ್ದರಿಂದ ಮೊದಲು ನಾಟಕದ ದಿನ ಗಟ್ಟಿ ಮಾಡಿ, ಟಿಕೆಟ್ ಕೈಯಲ್ಲಿರಲಿ. ಆಮೇಲೆ ಆ ರಂಗಮಂದಿರಕ್ಕೆ ಹತ್ತಿರ ರೂಮು. ಆಮೇಲೆ ಬಸ್ಸು. ಊಟವನ್ನು ನಾಟಕದ ಹೊತ್ತಿಗೆ ಹೊಂದಿಸಿಕೊಳ್ಳಿ. ಇನ್ನುಳಿದ ಸುತ್ತಾಟ ಮಿಕ್ಕ ಸಮಯದಲ್ಲಿ.

ಯಾವಾಗ ಅನ್ನುವುದನ್ನು ನಿಮ್ಮ ತೋಟವೇ ಹೇಳುತ್ತದೆ. ನವೆಂಬರ್‌ನಿಂದ ಅರೇಬಿಕಾ ಕೊಯ್ಲು, ಅದರ ಬೆನ್ನಿಗೇ ರೋಬಸ್ಟಾ. ಕಣದಲ್ಲಿ ಕಾಫಿ ಒಣಗುತ್ತಿರುವಾಗ ನಾಲ್ಕು ದಿನ ಮನೆ ಬಿಟ್ಟು ಹೋಗಿ ಅಂದರೆ ಯಾರೂ ಕೇಳುವುದಿಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆಯ ಯೋಚನೆ, ಸ್ಪ್ರಿಂಕ್ಲರ್ ಕೆಲಸ. ನನ್ನ ಲೆಕ್ಕದಲ್ಲಿ ನಮ್ಮವರಿಗೆ ಎರಡು ಹೊತ್ತು ಅನುಕೂಲ. ಒಂದು, ಸೆಪ್ಟೆಂಬರ್ ಮೊದಲಲ್ಲಿ ಕೈಲ್ ಮುಹೂರ್ತ ಹಬ್ಬ ಮುಗಿದ ಮೇಲಿಂದ ಅಕ್ಟೋಬರ್ ಕೊನೆಯವರೆಗೆ. ನಾಟಿ ಮುಗಿದಿರುತ್ತದೆ, ಕೊಯ್ಲು ಶುರುವಾಗಿರುವುದಿಲ್ಲ. ಮಗಳಿಗೆ ದಸರಾ ರಜೆಯೂ ಇದರಲ್ಲೇ ಬರುತ್ತದೆ. ಆದರೆ ಸರಿಯಾಗಿ ದಸರಾದ ಹತ್ತು ದಿನ ಮೈಸೂರಿನ ದಾರಿ ಹಿಡಿಯಬೇಡಿ, ರೂಮು ಸಿಗುವುದೂ ಕಷ್ಟ, ರಸ್ತೆಯೂ ಕಷ್ಟ. ಇನ್ನೊಂದು, ಜುಲೈ. ನಮ್ಮಲ್ಲಿ ಮಳೆ ಹೊಡೆಯುತ್ತಾ ಹೊರಗೆ ಕಾಲಿಡಲಾಗದ ಹೊತ್ತಿಗೆ ಬೆಂಗಳೂರಿನಲ್ಲಿ ತುಂತುರು ಅಷ್ಟೇ, ನಾಟಕಗಳು ನಡೆಯುತ್ತಲೇ ಇರುತ್ತವೆ. ರಂಗಶಂಕರದವರು ಮಕ್ಕಳಿಗಾಗಿ ನಡೆಸುವ ‘ಆಹಾ’ ನಾಟಕೋತ್ಸವ ಸಾಮಾನ್ಯವಾಗಿ ಜುಲೈನಲ್ಲೇ. ಕರಾವಳಿಯ ಯಕ್ಷಗಾನ ಮೇಳಗಳೂ ಮಳೆಗಾಲದಲ್ಲಿ ಬೆಂಗಳೂರಿಗೆ ಬಂದು ಆಟ ಆಡುತ್ತವೆ, ರವೀಂದ್ರ ಕಲಾಕ್ಷೇತ್ರದಲ್ಲಿ ರಾತ್ರಿಯಿಡೀ ನಡೆಯುವುದೂ ಉಂಟು. ಆದರೆ ಜುಲೈನಲ್ಲಿ ಮನೆಯಲ್ಲಿ ಒಬ್ಬರಾದರೂ ಇರಬೇಕಲ್ವಾ? ಮರ ಬಿತ್ತು, ಕರೆಂಟು ಹೋಯಿತು ಅಂತ ಫೋನು ಬರುತ್ತಿದ್ದರೆ ನಾಟಕ ನೋಡುವುದು ಹೇಗೆ? ಮನೆ ಪೂರ್ತಿ ಹೊರಡುವುದಾದರೆ ಸೆಪ್ಟೆಂಬರ್ ಕೊನೆಯೇ ಒಳ್ಳೆಯದು.

ಈಗ ರಂಗಮಂದಿರಗಳ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಎಲ್ಲಿ ನೋಡುತ್ತೀರಿ ಅನ್ನುವುದರಿಂದ ನಾಟಕವೇ ಬೇರೆಯಾಗುತ್ತದೆ.

ನಿಮ್ಮ ಮೊದಲ ನಾಟಕ ಜೆ.ಪಿ. ನಗರ 2ನೇ ಹಂತದ ರಂಗಶಂಕರದಲ್ಲಿ ಆಗಲಿ. ಶಂಕರ್ ನಾಗ್ ಅವರ ನೆನಪಿಗೆ ಅರುಂಧತಿ ನಾಗ್ ಮತ್ತು ಗೆಳೆಯರು ವರ್ಷಗಟ್ಟಲೆ ದುಡಿದು ಕಟ್ಟಿದ ಜಾಗ ಇದು. 2004ರಲ್ಲಿ ಶುರುವಾಯಿತು. ಸುಮಾರು 300 ಜನ ಕೂರಬಹುದು, ಅಷ್ಟೇ. ರಂಗ ಪ್ರೇಕ್ಷಕರ ಕಡೆಗೆ ಚಾಚಿಕೊಂಡಿದೆ. ಕುರ್ಚಿಗಳು ಮೆಟ್ಟಿಲು ಮೆಟ್ಟಿಲಾಗಿ ಏರುತ್ತಾ ರಂಗವನ್ನು ಸುತ್ತುವರಿದಿವೆ. ಹಿಂದಿನ ಸಾಲಿನಲ್ಲಿ ಕೂತರೂ ನಟನ ಹಣೆಯ ಬೆವರು ಕಾಣುತ್ತದೆ. ಪಿಸುಗುಟ್ಟಿದ ಮಾತೂ ಕೇಳುತ್ತದೆ. ವಯಸ್ಸಾದವರಿಗೆ, ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಸೋಮವಾರ ಬಿಟ್ಟರೆ ಹೆಚ್ಚುಕಮ್ಮಿ ದಿನವೂ ಒಂದಲ್ಲ ಒಂದು ನಾಟಕ ಇರುತ್ತದೆ. ಕನ್ನಡವೇ ಜಾಸ್ತಿ, ಜೊತೆಗೆ ಇಂಗ್ಲಿಷ್, ಹಿಂದಿ ಮತ್ತು ಬೇರೆ ಭಾಷೆಯವೂ ಬರುತ್ತವೆ. ಸಾಮಾನ್ಯವಾಗಿ ಸಂಜೆ 7.30ಕ್ಕೆ ಶುರು. ಶನಿವಾರ, ಭಾನುವಾರ ಮಧ್ಯಾಹ್ನ 3.30ಕ್ಕೂ ಒಂದು ಪ್ರದರ್ಶನ ಇಟ್ಟಿರುವುದುಂಟು. ಮಾವನವರು ರಾತ್ರಿ ಬೇಗ ಮಲಗುವವರಾದರೆ ಆ ಮಧ್ಯಾಹ್ನದ ಆಟ ನೋಡಿ.

ಇಲ್ಲಿ ಒಂದು ನಿಯಮವಿದೆ. ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ. ಟಿಕೆಟ್ ಇದ್ದರೂ, ದೂರದೂರಿಂದ ಬಂದಿದ್ದರೂ ಬಿಡುವುದಿಲ್ಲ. ಹೊಸಬರಿಗೆ ಇದು ಸ್ವಲ್ಪ ಗಡುಸು ಅನಿಸಬಹುದು. ಬೆಳಕಿನ ಪೆಟ್ಟಿಗೆಯ ಹಿಂದೆ ಕೂತು ನೋಡಿದರೆ ಅದರ ಕಾರಣ ಗೊತ್ತಾಗುತ್ತದೆ. ಮೂರನೇ ಬೆಲ್ ಆಗುತ್ತದೆ. ಪೂರ್ತಿ ಕತ್ತಲು. 300 ಜನ ಒಟ್ಟಿಗೆ ಉಸಿರು ಬಿಗಿಹಿಡಿಯುತ್ತಾರೆ. ಒಂದು ಮೂಲೆಯಲ್ಲಿ ಬೆಳಕು ಇಷ್ಟಿಷ್ಟೇ ಏರುತ್ತಾ ಹೋಗಬೇಕು, ನಟಿಯ ಮುಖ ಆ ಬೆಳಕಿಗೆ ನಿಧಾನವಾಗಿ ತಿರುಗಬೇಕು. ಅದೇ ಹೊತ್ತಿಗೆ ಬಾಗಿಲು ತೆರೆದರೆ ಹೊರಗಿನ ಟ್ಯೂಬ್‌ಲೈಟಿನ ಪಟ್ಟಿಯೊಂದು ನೇರ ರಂಗದ ಮೇಲೆ ಬೀಳುತ್ತದೆ. ಎಲ್ಲರ ತಲೆ ಬಾಗಿಲ ಕಡೆ ತಿರುಗುತ್ತದೆ. ತಿಂಗಳುಗಟ್ಟಲೆ ತಾಲೀಮು ಮಾಡಿದ್ದು ಆ ಒಂದು ಕ್ಷಣದಲ್ಲಿ ಹಾಳು. ಫೋನಿನ ಬೆಳಕೂ ಹಾಗೇ. ಸೈಲೆಂಟ್‌ನಲ್ಲಿಟ್ಟರೆ ಸಾಲದು, ಪೂರ್ತಿ ಆಫ್ ಮಾಡಿ. ಎಲ್ಲರ ಹತ್ತಿರವೂ ಇದನ್ನು ಬೇಡಿಕೊಳ್ಳುತ್ತೇನೆ.

ಆದ್ದರಿಂದ 6.30ಕ್ಕೆಲ್ಲ ರಂಗಶಂಕರದ ಆವರಣದಲ್ಲಿರಿ. ಅಲ್ಲೇ ಸಣ್ಣ ಕೆಫೆ ಇದೆ, ಪುಸ್ತಕದ ಅಂಗಡಿಯೂ ಇದೆ. ಕಾಫಿ ಕುಡಿಯುತ್ತಾ ಕೂತರೆ ಸಮಯ ಹೋಗುವುದೇ ಗೊತ್ತಾಗುವುದಿಲ್ಲ. ಅಲ್ಲಿ ಸೀಟಿಗೆ ನಂಬರು ಹಾಕಿ ಕೊಡುವುದಿಲ್ಲ, ಮೊದಲು ಬಂದವರಿಗೆ ಮೊದಲು. ಸಾಲು ಬೇಗ ಉದ್ದವಾಗುತ್ತದೆ. ಮಾವನವರ ಮಂಡಿಯ ವಿಷಯ ಬಾಗಿಲಲ್ಲಿ ನಿಂತಿರುವವರಿಗೆ ಮೊದಲೇ ಹೇಳಿ. ಜಾಸ್ತಿ ಮೆಟ್ಟಿಲು ಹತ್ತದ ಹಾಗೆ ನಡು ಭಾಗದಲ್ಲಿ, ಓಡಾಡುವ ದಾರಿಯ ಪಕ್ಕದಲ್ಲಿ ಕೂರಿಸಿ, ಕಾಲು ಚಾಚಿಕೊಳ್ಳಬಹುದು. ತೀರಾ ಅಂಚಿನ ಸೀಟು ಬೇಡ. ನಟರು ಆ ಕಡೆ ತಿರುಗಿದಾಗ ಬೆನ್ನು ನೋಡಬೇಕಾಗುತ್ತದೆ.

ಎರಡನೇ ನಾಟಕಕ್ಕೆ ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರ. ಟಾಗೋರರ ಜನ್ಮ ಶತಮಾನೋತ್ಸವದ ನೆನಪಿಗೆ ಕಟ್ಟಿದ ಮಂದಿರ, 1963ರಲ್ಲಿ ತೆರೆಯಿತು. ಕನ್ನಡದ ಹವ್ಯಾಸಿ ರಂಗಭೂಮಿ ಬೆಳೆದದ್ದೇ ಇದರ ಅಂಗಳದಲ್ಲಿ ಅಂದರೂ ಸರಿಯೇ. ದೊಡ್ಡ ಸಭಾಂಗಣ, ಬಾಲ್ಕನಿ, ಪರದೆ ಏಳುವ ರಂಗ. ಮಾವನವರು ಹುಡುಗರಾಗಿದ್ದಾಗ ನೋಡಿದ ನಾಟಕಗಳ ಗತ್ತು ಅವರಿಗೆ ಇಲ್ಲಿ ಸಿಗುತ್ತದೆ. ಇಲ್ಲಿ ಮುಂದಿನ ಸಾಲಿಗೆ ನುಗ್ಗಬೇಡಿ, ಕತ್ತೆತ್ತಿ ನೋಡಿ ನೋಡಿ ಕುತ್ತಿಗೆ ನೋಯುತ್ತದೆ. ಐದಾರು ಸಾಲು ಬಿಟ್ಟು ನಡುವೆ ಕೂರಿ. ಕಲಾಕ್ಷೇತ್ರದ ಹಿಂಭಾಗದಲ್ಲಿ ಸಂಸ ಬಯಲು ರಂಗಮಂದಿರ ಇದೆ, ಪಕ್ಕದ ಕನ್ನಡ ಭವನದಲ್ಲಿ ನಯನ ಸಭಾಂಗಣ ಇದೆ. ಒಂದೇ ಸಂಜೆ ಮೂರೂ ಕಡೆ ಬೇರೆ ಬೇರೆ ಕಾರ್ಯಕ್ರಮ ಇರುವುದೂ ಉಂಟು. ಸಂಸದಲ್ಲಿ ನಾಟಕವಾದರೆ ಮೆಟ್ಟಿಲ ಮೇಲೆ ಕೂರಬೇಕು. ಒಂದು ಮಡಚುವ ದಿಂಬು, ಒಂದು ಶಾಲು, ಸೊಳ್ಳೆಗೆ ಹಚ್ಚುವ ಎಣ್ಣೆ ಇಟ್ಟುಕೊಳ್ಳಿ. ಮಂಡಿ ನೋವಿರುವವರಿಗೆ ನಾನು ಅದನ್ನು ಹೇಳುವುದಿಲ್ಲ.

ಹನುಮಂತನಗರದ ಕೆ.ಎಚ್. ಕಲಾಸೌಧದಲ್ಲೂ ಒಳ್ಳೆಯ ಕನ್ನಡ ನಾಟಕಗಳು ಆಗುತ್ತವೆ, ಸಣ್ಣ ಮತ್ತು ಆಪ್ತ ಜಾಗ. ಮಲ್ಲೇಶ್ವರದ ಕಡೆಯ ಚೌಡಯ್ಯ ಸ್ಮಾರಕ ಭವನ ಪಿಟೀಲಿನ ಆಕಾರದಲ್ಲಿದೆ, ಮಗಳಿಗೆ ಹೊರಗಿನಿಂದ ತೋರಿಸಬಹುದು. ಅಲ್ಲಿ ಸಂಗೀತ, ನೃತ್ಯ ಮತ್ತು ದೊಡ್ಡ ತಂಡಗಳ ಪ್ರದರ್ಶನ ಜಾಸ್ತಿ. ವೈಟ್‌ಫೀಲ್ಡ್‌ನ ಜಾಗೃತಿ ಚೆನ್ನಾಗಿದೆ, ಆದರೆ ಹೆಚ್ಚಾಗಿ ಇಂಗ್ಲಿಷ್ ನಾಟಕ, ನಿಮ್ಮ ಉಳಿದ ಜಾಗಗಳಿಂದ ಬಲು ದೂರ. ಈ ಸಲಕ್ಕೆ ಬಿಡಿ.

ಯಾವ ನಾಟಕ ಅನ್ನುವುದು ಕಷ್ಟದ ಪ್ರಶ್ನೆ. ಹೆಸರು ಹೇಳಿದರೆ ನೀವು ಹೋಗುವ ವಾರ ಅದು ಇರುವುದಿಲ್ಲ. ಹುಡುಕುವ ದಾರಿ ಹೇಳುತ್ತೇನೆ. ಹೊರಡುವ ಮೂರು ವಾರ ಮುಂಚೆ ರಂಗಶಂಕರದ ವೆಬ್‌ಸೈಟಿನಲ್ಲಿ ತಿಂಗಳ ಪಟ್ಟಿ ನೋಡಿ. ಬುಕ್‌ಮೈಶೋದಲ್ಲಿ ಬೆಂಗಳೂರು ಅಂತ ಹಾಕಿ ನಾಟಕದ ವಿಭಾಗ ತೆರೆಯಿರಿ. ಕಲಾಕ್ಷೇತ್ರದ ನಾಟಕಗಳ ಸುದ್ದಿ ಅಷ್ಟು ಮುಂಚೆ ಸಿಗುವುದಿಲ್ಲ, ತಂಡಗಳ ಫೇಸ್‌ಬುಕ್ ಪುಟ ಮತ್ತು ಪತ್ರಿಕೆಯ ‘ನಗರದಲ್ಲಿ ಇಂದು’ ಥರದ ಅಂಕಣಗಳೇ ಗತಿ. ಬೆನಕ, ಸಮುದಾಯದಂಥ ಹಳೆಯ ತಂಡಗಳ ಹೆಸರು ಕಂಡರೆ ಧೈರ್ಯವಾಗಿ ಹೋಗಿ. ಹೆಗ್ಗೋಡಿನ ನೀನಾಸಂ ತಿರುಗಾಟದ ನಾಟಕಗಳು ಬೆಂಗಳೂರಿಗೆ ಬಂದಿರುವ ವಾರ ನಿಮಗೆ ಸಿಕ್ಕಿದರೆ ಬೇರೆ ಯೋಚನೆಯೇ ಬೇಡ, ಅದನ್ನೇ ನೋಡಿ. 1985ರಿಂದ ಊರೂರು ಸುತ್ತುತ್ತಿರುವ ತಂಡ ಅದು. ನಟರು ಒಂದೇ ನಾಟಕವನ್ನು ಹತ್ತಾರು ಊರಿನಲ್ಲಿ ಆಡಿ ಆಡಿ ಮಾತು ನಾಲಿಗೆಯ ಮೇಲೆ ಕೂತಿರುತ್ತದೆ.

ನಾಟಕ ಆರಿಸುವಾಗ ಮೂರು ವಿಷಯ ವಿಚಾರಿಸಿ. ಎಷ್ಟು ಹೊತ್ತು, ನಡುವೆ ಬಿಡುವು ಇದೆಯಾ, ಎಷ್ಟು ವಯಸ್ಸಿನ ಮಕ್ಕಳನ್ನು ಬಿಡುತ್ತಾರೆ. ಈಗಿನ ಬಹಳ ನಾಟಕಗಳು ಒಂದೂವರೆ ಗಂಟೆ, ಬಿಡುವಿಲ್ಲದೆ ಆಡುತ್ತಾರೆ. ಮಾವನವರಿಗೂ ಮಗಳಿಗೂ ಒಳಗೆ ಹೋಗುವ ಮುಂಚೆ ಶೌಚಾಲಯಕ್ಕೆ ಹೋಗಿಬರಲು ನೆನಪಿಸಿ. ಮಗಳಿಗೆ ಮಕ್ಕಳ ನಾಟಕವೇ ಆಗಬೇಕು ಅಂತೇನಿಲ್ಲ. ಹಾಡು, ಕುಣಿತ, ಮೇಳ ಇರುವ ನಾಟಕವಾದರೆ 10 ವರ್ಷದ ಮಗು ದೊಡ್ಡವರಿಗಿಂತ ಚೆನ್ನಾಗಿ ನೋಡುತ್ತದೆ. ಹಿಂದಿನ ರಾತ್ರಿ ಕಥೆಯ ಎಳೆಯನ್ನು ಅವಳಿಗೆ ಹೇಳಿ, ಕೊನೆ ಮಾತ್ರ ಹೇಳಬೇಡಿ. ಎರಡು ನಾಟಕಗಳೂ ಒಂದೇ ಥರ ಇರದಿರಲಿ. ಒಂದು ಹಾಡಿನದು, ಒಂದು ಮಾತಿನದು. ಒಂದು ದಿನಕ್ಕೆ ಒಂದೇ ನಾಟಕ. ಶನಿವಾರ ಮಧ್ಯಾಹ್ನ ಒಂದು, ರಾತ್ರಿ ಒಂದು ಅಂತ ನೋಡಿದರೆ ಎರಡನೆಯದಕ್ಕೆ ಮನಸ್ಸಿನಲ್ಲಿ ಜಾಗವೇ ಇರುವುದಿಲ್ಲ.

ದುಡ್ಡಿನ ಚಿಂತೆ ಇಲ್ಲಿ ಕಡಿಮೆ. ಕನ್ನಡ ನಾಟಕದ ಟಿಕೆಟ್ ಮಲ್ಟಿಪ್ಲೆಕ್ಸ್ ಸಿನಿಮಾಕ್ಕಿಂತ ಜಾಸ್ತಿ ಆಗುವುದು ಅಪರೂಪ. ಕಲಾಕ್ಷೇತ್ರದಲ್ಲಿ ಪುಕ್ಕಟೆ ಆಡುವ ನಾಟಕಗಳೂ ಇವೆ. ಪಾಸು ಸಿಗುತ್ತದೆ ಅಂದರೂ ದಯವಿಟ್ಟು ಟಿಕೆಟ್ ಕೊಂಡು ನೋಡಿ. ಹವ್ಯಾಸಿ ತಂಡದವರು ಸಭಾಂಗಣದ ಬಾಡಿಗೆ, ಲೈಟು, ಲಾರಿ ಎಲ್ಲಕ್ಕೂ ಕೈಯಿಂದ ಹಾಕಿರುತ್ತಾರೆ.

ಉಳಿಯುವ ಜಾಗಕ್ಕೆ ಬರೋಣ. ನಾದಿನಿಯವರ ಮನೆಗೆ ಹೋಗದಿದ್ದರೆ ಬೇಜಾರು ಮಾಡಿಕೊಳ್ಳುತ್ತಾರೆ, ನನಗೂ ಗೊತ್ತು. ಆದರೆ ಯಲಹಂಕ ಊರಿನ ಒಂದು ತುದಿ, ಜೆ.ಪಿ. ನಗರ ಇನ್ನೊಂದು ತುದಿ. ನಡುವೆ ಸುಮಾರು 25 ಕಿಲೋಮೀಟರು. ಸಂಜೆ 5ರಿಂದ 8ರವರೆಗಿನ ಟ್ರಾಫಿಕ್ಕಿನಲ್ಲಿ ಆ ದಾರಿಗೆ ಎರಡು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಮಳೆ ಬಂದರೆ ಮುಗಿಯಿತು. ಮನೆಗೆ ಹೋದ ಮೇಲೆ ಪಂದಿ ಕರಿ (ಹಂದಿ ಮಾಂಸದ ಸಾರು), ಅಕ್ಕಿಯ ಕಡಂಬುಟ್ಟು ಮಾಡಿ ಬಡಿಸದೆ ಬಿಡುತ್ತಾರಾ? ಊಟ, ಮಾತು ಎಲ್ಲ ಮುಗಿದು ಹೊರಡುವಾಗ ನಾಟಕದ ಹೊತ್ತು ಮೀರಿರುತ್ತದೆ. ಅವರನ್ನೇ ನಾಟಕಕ್ಕೆ ಕರೆಯಿರಿ. ಅವರಿಗೂ ಸೇರಿಸಿ ಟಿಕೆಟ್ ತೆಗೆದಿಟ್ಟು ‘ನೀವು ಇಲ್ಲಿಗೆ ಬನ್ನಿ, ಒಟ್ಟಿಗೆ ನೋಡೋಣ’ ಅನ್ನಿ. ಬೆಂಗಳೂರಿನಲ್ಲಿದ್ದೂ ರಂಗಶಂಕರ ನೋಡದ ನಮ್ಮವರು ಎಷ್ಟೋ ಜನ ಇದ್ದಾರೆ.

ರೂಮನ್ನು ಜಯನಗರದಲ್ಲಿ, ಆರ್.ವಿ. ರಸ್ತೆ ಅಥವಾ ಸೌತ್ ಎಂಡ್ ಸರ್ಕಲ್ ಹತ್ತಿರ ಹುಡುಕಿ. ನಾನು ಈ ಜಾಗವನ್ನೇ ಹೇಳುವುದಕ್ಕೆ ಕಾರಣ ಮೆಟ್ರೊದ ಹಸಿರು ಮಾರ್ಗ. ಆರ್.ವಿ. ರಸ್ತೆ, ಜಯನಗರ, ಸೌತ್ ಎಂಡ್, ಲಾಲ್‌ಬಾಗ್, ನ್ಯಾಷನಲ್ ಕಾಲೇಜು, ಕೆ.ಆರ್. ಮಾರುಕಟ್ಟೆ, ಮೆಜೆಸ್ಟಿಕ್ ಎಲ್ಲ ಒಂದೇ ಸಾಲಿನಲ್ಲಿವೆ. ನೀವು ನೋಡುವ ರಂಗಮಂದಿರ, ಊಟ ಮಾಡುವ ಹೋಟೆಲು ಬಹುತೇಕ ಈ ಸಾಲಿನ ಅಕ್ಕಪಕ್ಕದಲ್ಲೇ ಸಿಗುತ್ತವೆ. ಕಲಾಕ್ಷೇತ್ರಕ್ಕೆ ಮಾರುಕಟ್ಟೆ ನಿಲ್ದಾಣದಲ್ಲಿ ಇಳಿದು ಆಟೊ ಹಿಡಿಯಿರಿ. ರಂಗಶಂಕರಕ್ಕೆ, ಆರ್.ವಿ. ರಸ್ತೆಯಲ್ಲಿ ಹಳದಿ ಮಾರ್ಗಕ್ಕೆ ಬದಲಾಯಿಸಿದರೆ ಮುಂದಿನ ನಿಲ್ದಾಣವೇ ರಾಗಿಗುಡ್ಡ. ಈ ಹಳದಿ ಮಾರ್ಗ ಶುರುವಾಗಿದ್ದು 2025ರ ಆಗಸ್ಟ್‌ನಲ್ಲಿ. ಅಲ್ಲಿಂದ ರಂಗಶಂಕರ ಆಟೊದಲ್ಲಿ ಹತ್ತಿರ. ನಿಲ್ದಾಣಗಳಲ್ಲಿ ಲಿಫ್ಟ್ ಇದೆ, ಮಾವನವರು ಮೆಟ್ಟಿಲು ಹತ್ತಬೇಕಿಲ್ಲ. ನಾಟಕ ಮುಗಿಯುವುದು 9.30ರ ಒಳಗೆ. ಕೊನೆಯ ರೈಲು ರಾತ್ರಿ 11ರ ಸುಮಾರಿಗೆ. ಅವಸರವೇನೂ ಬೀಳುವುದಿಲ್ಲ.

ಊಟದ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಖಡಕ್ಕಾಗಿದೆ. ನಾಟಕಕ್ಕೆ ಮುಂಚೆ ಹೊಟ್ಟೆ ತುಂಬ ಊಟ ಮಾಡಬೇಡಿ. ಬಿರಿಯಾನಿ ತಿಂದು, ತಣ್ಣನೆಯ ಕತ್ತಲ ಕೋಣೆಯಲ್ಲಿ ಮೆತ್ತನೆಯ ಕುರ್ಚಿಯ ಮೇಲೆ ಕೂತರೆ ಎಂಥ ನಾಟಕವಾದರೂ ಕಣ್ಣು ಎಳೆಯುತ್ತದೆ. ಹಸಿದುಕೊಂಡೂ ಹೋಗಬೇಡಿ. ದೊಡ್ಡ ಊಟ ಮಧ್ಯಾಹ್ನ ಮುಗಿಸಿ, ಸ್ವಲ್ಪ ಮಲಗಿ, 5.30ರ ಹೊತ್ತಿಗೆ ಒಂದು ತಿಂಡಿ, ಒಂದು ಕಾಫಿ. ನಾಟಕ ಆದ ಮೇಲೆ ಹಗುರವಾಗಿ ಏನಾದರೂ. ಬೆಂಗಳೂರಿನ ಹಳೆಯ ಹೋಟೆಲ್‌ಗಳ ಸಮಯಕ್ಕೂ ಇದೇ ಹೊಂದುತ್ತದೆ. ಅವುಗಳಲ್ಲಿ ಹಲವು ರಾತ್ರಿ 8, 9ಕ್ಕೆಲ್ಲ ಬಾಗಿಲು ಹಾಕುತ್ತವೆ. ನಾಟಕ ಬಿಟ್ಟ ಮೇಲೆ ವಿದ್ಯಾರ್ಥಿ ಭವನಕ್ಕೆ ಹೋಗೋಣ ಅಂದುಕೊಂಡರೆ ಆಗುವುದಿಲ್ಲ.

ಗಾಂಧಿಬಜಾರಿನ ವಿದ್ಯಾರ್ಥಿ ಭವನ 1943ರಿಂದ ಇದೆ. ಶುಕ್ರವಾರ ರಜೆ, ಇದನ್ನು ಮರೆಯಬೇಡಿ. ಶನಿವಾರ, ಭಾನುವಾರ ಹೋಗುವುದಾದರೆ ಬೆಳಿಗ್ಗೆ 7ರ ಒಳಗೆ ಬಾಗಿಲಲ್ಲಿರಿ. 8 ದಾಟಿದರೆ ಹೆಸರು ಬರೆಸಿ ಫುಟ್‌ಪಾತಿನಲ್ಲಿ ಕಾಯಬೇಕು, ಮಾವನವರಿಗೆ ನಿಲ್ಲುವುದು ಕಷ್ಟ. ಒಳಗೆ ಸಾಲು ಮೇಜು, ಬೇರೆಯವರ ಜೊತೆ ಹಂಚಿಕೊಂಡು ಕೂರಬೇಕು. ಗೋಡೆಯ ಮೇಲೆ ಕನ್ನಡದ ಸಾಹಿತಿಗಳ, ದೊಡ್ಡವರ ಚಿತ್ರಗಳು. ಮಗಳಿಗೆ ಒಬ್ಬೊಬ್ಬರನ್ನೇ ತೋರಿಸುತ್ತಾ ಕೂತಿರಿ, ಅಷ್ಟರಲ್ಲಿ ದೋಸೆ ಬರುತ್ತದೆ. ದೋಸೆ ಬರುವುದೇ ಒಂದು ನೋಟ. ಪಂಚೆ ಉಟ್ಟವರೊಬ್ಬರು ಅಡುಗೆಮನೆಯಿಂದ ಹೊರಗೆ ಬರುತ್ತಾರೆ. ಎಡಗೈ ಮೇಲೆ ಅಂಗೈಯಿಂದ ಭುಜದವರೆಗೆ ದೋಸೆ ತಟ್ಟೆಗಳ ಸಾಲು, ಒಂದರ ಮೇಲೊಂದು. ಬಲಗೈಯಿಂದ ಒಂದೊಂದೇ ತೆಗೆದು ಮೇಜಿನ ಮೇಲೆ ಜಾರಿಸುತ್ತಾ ನಡೆಯುತ್ತಾರೆ. ಒಂದು ತಟ್ಟೆ ಅಲುಗುವುದಿಲ್ಲ. ನಟರಿಗೆ ದೇಹದ ತಾಲೀಮು ಕಲಿಸುವವರು ಇವರನ್ನು ಕರೆದು ತೋರಿಸಬೇಕು ಅಂತ ನನಗೆ ಪ್ರತಿ ಸಲ ಅನಿಸುತ್ತದೆ. ದೋಸೆ ಹೊರಗೆ ಕೆಂಪಗೆ ಗರಿಗರಿ, ಒಳಗೆ ಮೆತ್ತಗೆ, ತುಪ್ಪದ ಘಮ. ಚಟ್ನಿ ನೀರಾಗಿರುತ್ತದೆ, ದೋಸೆಯ ಮೇಲೇ ಸುರಿದು ತಿನ್ನುವವರು ಜಾಸ್ತಿ. ಎಷ್ಟು ದೋಸೆ ಬೇಕೋ ಒಟ್ಟಿಗೇ ಹೇಳಿಬಿಡಿ. ಒಂದು ತಿಂದು ಇನ್ನೊಂದು ಹೇಳಿದರೆ ಮುಂದಿನ ಹೆಂಚಿನ ಸರದಿ ಬರುವವರೆಗೆ ಕಾಯಬೇಕು. ಕೆ.ಎಚ್. ಕಲಾಸೌಧದಲ್ಲಿ ಸಂಜೆ ನಾಟಕವಿದ್ದರೆ ಇಲ್ಲಿಗೆ 5ಕ್ಕೆ ಬಂದು ದೋಸೆ ತಿಂದು ಹೋಗಬಹುದು, ಹತ್ತಿರವೇ ಇದೆ.

ಮಧ್ಯಾಹ್ನದ ದೊಡ್ಡ ಊಟಕ್ಕೆ ಲಾಲ್‌ಬಾಗ್ ರಸ್ತೆಯ ಮಾವಳ್ಳಿ ಟಿಫಿನ್ ರೂಮ್, ಎಂ.ಟಿ.ಆರ್. 1924ರ ಹೋಟೆಲು. ಎರಡನೇ ಮಹಾಯುದ್ಧದ ಹೊತ್ತಿಗೆ ಅಕ್ಕಿ ಸಿಗದೆ ಹೋದಾಗ ರವೆಯಲ್ಲಿ ಇಡ್ಲಿ ಮಾಡಿದ್ದು ಇಲ್ಲೇ ಅನ್ನುತ್ತಾರೆ. ಮಧ್ಯಾಹ್ನದ ಊಟ ಒಂದಾದ ಮೇಲೊಂದು ಬರುತ್ತಲೇ ಇರುತ್ತದೆ. ಮೊದಲು ಬಂದದ್ದನ್ನೇ ಎರಡು ಸಲ ಹಾಕಿಸಿಕೊಂಡರೆ ಬಿಸಿಬೇಳೆ ಭಾತ್ ಬರುವ ಹೊತ್ತಿಗೆ ಹೊಟ್ಟೆ ತುಂಬಿರುತ್ತದೆ. ಮಗಳಿಗೆ ಈ ಗುಟ್ಟು ಮುಂಚೆಯೇ ಹೇಳಿಡಿ. ಸೋಮವಾರ ರಜೆ. ಕಲಾಕ್ಷೇತ್ರದ ನಾಟಕ ಇರುವ ದಿನ ಇಲ್ಲಿ ಊಟ ಮಾಡಿ, ರೂಮಿಗೆ ಹೋಗಿ ಮಲಗಿ ಎದ್ದು ಬರುವುದು ಸರಿಹೋಗುತ್ತದೆ.

ಮಾಂಸದೂಟಕ್ಕೆ ಒಂದು ಮಾತು. ಕೊಡಗಿನಿಂದ ಹೋಗಿ ಬೆಂಗಳೂರಿನಲ್ಲಿ ಪಂದಿ ಕರಿ ಹುಡುಕುವವರನ್ನು ನೋಡಿದ್ದೇನೆ. ನಮ್ಮ ಕಾಚಂಪುಳಿಯ ಹುಳಿ ಹಾಕಿ ಮನೆಯಲ್ಲಿ ಮಾಡಿದ್ದನ್ನು ತಿಂದ ನಾಲಿಗೆಗೆ ಹೋಟೆಲಿನದು ಯಾಕೆ? ಅಲ್ಲಿನದೇ ಆದದ್ದನ್ನು ತಿನ್ನಿ. ಜಯನಗರ 8ನೇ ಬ್ಲಾಕಿನ ಶಿವಾಜಿ ಮಿಲಿಟರಿ ಹೋಟೆಲಿನ ದೊನ್ನೆ ಬಿರಿಯಾನಿಗೆ ದೂರದೂರದಿಂದ ಜನ ಬರುತ್ತಾರೆ. ಸಣ್ಣಕ್ಕಿಯ ಅನ್ನ, ಹಸಿರು ಮಸಾಲೆ, ಅಡಿಕೆ ಹಾಳೆಯ ಅಥವಾ ಎಲೆಯ ದೊನ್ನೆ. ಮಧ್ಯಾಹ್ನದ ಹೋಟೆಲು ಅದು, 12ಕ್ಕೆಲ್ಲ ಹೋದರೆ ಒಳ್ಳೆಯದು, ತಡವಾದರೆ ನಿಮಗೆ ಬೇಕಾದದ್ದು ಖಾಲಿಯಾಗಿರುತ್ತದೆ. ಒಂದು ಮಧ್ಯಾಹ್ನ ಎಂ.ಟಿ.ಆರ್., ಒಂದು ಮಧ್ಯಾಹ್ನ ಶಿವಾಜಿ. ಇನ್ನೊಂದು ಕಡೆ ಮುದ್ದೆ, ನಾಟಿಕೋಳಿ ಸಾರು ಸಿಕ್ಕಿದರೆ ಅದೂ ಆಗಲಿ.

ನಾಟಕ ಬಿಟ್ಟ ಮೇಲೆ? ಕಲಾಕ್ಷೇತ್ರದಿಂದಾದರೆ ವಿ.ವಿ. ಪುರದ ತಿಂಡಿ ಬೀದಿ. ಸಜ್ಜನ್ ರಾವ್ ವೃತ್ತದ ಹತ್ತಿರ, ಆಟೊದಲ್ಲಿ ಸ್ವಲ್ಪ ದೂರ. ಬಿಸಿ ಹೋಳಿಗೆ, ಅಕ್ಕಿರೊಟ್ಟಿ, ಪಡ್ಡು, ಕೊನೆಗೆ ಗುಲ್ಕನ್ ಹಾಕಿದ ಹಣ್ಣು. ನಿಂತುಕೊಂಡೇ ತಿನ್ನಬೇಕು. ಮಾವನವರಿಗೆ ಎಲ್ಲಾದರೂ ಕೂರಲು ಜಾಗ ಮಾಡಿಕೊಟ್ಟು ನೀವು ತಂದುಕೊಡಿ. ಚಳಿಗಾಲದಲ್ಲಿ ಹೋದವರಿಗೆ ಅವರೆಬೇಳೆಯದೇ ಹತ್ತು ಥರದ ತಿಂಡಿ ಸಿಗುತ್ತದೆ, ನಿಮ್ಮ ಕೊಯ್ಲು ಅದಕ್ಕೆ ಬಿಡುವುದಿಲ್ಲ, ಏನು ಮಾಡುವುದು. ರಂಗಶಂಕರದ ದಿನ ಜಯನಗರದ ಯಾವುದಾದರೂ ದರ್ಶಿನಿಯಲ್ಲಿ ಇಡ್ಲಿಯೋ ಮೊಸರನ್ನವೋ ತಿಂದು ಮಲಗಿ. ಊಟ ಮಾಡುತ್ತಾ ನಾಟಕದ ಬಗ್ಗೆ ಮಾತಾಡಿ, ಮಾವನವರನ್ನು ಮಾತಾಡಿಸಿ. ಹಳೆಯ ನಾಟಕದ ಹಾಡು ಒಂದೆರಡು ಅವರ ಬಾಯಿಂದ ಬಂದೇ ಬರುತ್ತದೆ.

ಈಗ ದಿನಗಳನ್ನು ಜೋಡಿಸೋಣ. ಶುಕ್ರವಾರ ಬೆಳಿಗ್ಗೆ ಬೇಗ ಗೋಣಿಕೊಪ್ಪ ಬಿಡಿ. ಬಸ್ಸಾದರೆ ತಿತಿಮತಿ, ಆನೆಚೌಕೂರು, ಹುಣಸೂರು, ಮೈಸೂರು ದಾಟಿ ಮಧ್ಯಾಹ್ನಕ್ಕೆ ಬೆಂಗಳೂರು. ಕರ್ನಾಟಕ ಸಾರಿಗೆಯ ಸಾಮಾನ್ಯ ಬಸ್ಸಿನಲ್ಲಿ ನಿಮಗೆ, ಮಗಳಿಗೆ ಶಕ್ತಿ ಯೋಜನೆಯಲ್ಲಿ ಪ್ರಯಾಣ ಪುಕ್ಕಟೆ, ಆಧಾರ್ ಇಟ್ಟುಕೊಳ್ಳಿ. ರಾಜಹಂಸ, ಐರಾವತಕ್ಕೆ ಎಲ್ಲರೂ ದುಡ್ಡು ಕೊಡಬೇಕು. ಮಾವನವರ ಕಾಲಿಗಾಗಿ ನಾನಾದರೆ ಅದರಲ್ಲೇ ಹೋಗುತ್ತೇನೆ. ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಲ್ಲೇ ಇಳಿಯಿರಿ, ಮೆಜೆಸ್ಟಿಕ್‌ವರೆಗೆ ಹೋಗಬೇಡಿ. ಲಗೇಜು ಇರುವುದರಿಂದ ಅಲ್ಲಿಂದ ಜಯನಗರಕ್ಕೆ ನೇರ ಆಟೊ ಅಥವಾ ಕ್ಯಾಬ್. ಸ್ವಂತ ಕಾರಾದರೆ ಮೈಸೂರಿನಿಂದ ಮುಂದೆ 118 ಕಿಲೋಮೀಟರಿನ ಹೆದ್ದಾರಿ ಸಲೀಸು, ಬೆಂಗಳೂರಿನ ಒಳಗೆ ಬರುವಾಗಲೇ ತಡವಾಗುವುದು. ಹೋಟೆಲಿನಲ್ಲಿ ಕಾರು ನಿಲ್ಲಿಸಿದ ಮೇಲೆ ವಾಪಸ್ ಹೊರಡುವವರೆಗೆ ಅದನ್ನು ಮುಟ್ಟಬೇಡಿ. ರಂಗಮಂದಿರಗಳ ಸುತ್ತ ಪಾರ್ಕಿಂಗ್ ಹುಡುಕುತ್ತಾ ಮೂರನೇ ಬೆಲ್ ತಪ್ಪಿಸಿಕೊಂಡವರು ಬಹಳ.

ಶುಕ್ರವಾರ ಸಂಜೆ ರಂಗಶಂಕರ. ಪ್ರಯಾಣ ಮಾಡಿ ದಣಿದಿರುತ್ತೀರಿ, ಆದ್ದರಿಂದ ಆ ದಿನಕ್ಕೆ ಹಾಡು ಕುಣಿತದ ನಾಟಕ ಇದ್ದರೆ ಚೆನ್ನ. ಶನಿವಾರ ಬೆಳಿಗ್ಗೆ ವಿದ್ಯಾರ್ಥಿ ಭವನ, ಅಲ್ಲೇ ಬಸವನಗುಡಿಯಲ್ಲಿ ಒಂದು ಸುತ್ತು, ಎಂ.ಟಿ.ಆರ್. ಊಟ, ನಿದ್ದೆ, ಸಂಜೆ ಕಲಾಕ್ಷೇತ್ರ, ರಾತ್ರಿ ತಿಂಡಿ ಬೀದಿ. ಕಲಾಕ್ಷೇತ್ರದಲ್ಲಿ ಶನಿವಾರ ಒಳ್ಳೆಯ ನಾಟಕ ಇಲ್ಲದಿದ್ದರೆ ಮತ್ತೆ ರಂಗಶಂಕರಕ್ಕೇ ಹೋಗಿ. ಆಗ ಮಧ್ಯಾಹ್ನ ಶಿವಾಜಿ.

ಭಾನುವಾರ ಬೆಂಗಳೂರಿನಲ್ಲಿ ಉಳಿಯಬೇಡಿ. ತಿಂಡಿ ತಿಂದು 9ಕ್ಕೆ ಹೊರಟು ಮೈಸೂರಿಗೆ ಬನ್ನಿ. ಮೂರನೇ ನಾಟಕ ಅಲ್ಲಿ. ನಾವು ಊರಿಗೆ ಹೋಗುವ ಹುಣಸೂರು ರಸ್ತೆಯ ಪಕ್ಕದಲ್ಲೇ, ಕಲಾಮಂದಿರದ ಆವರಣದಲ್ಲೇ ರಂಗಾಯಣ ಇದೆ. ಬಸ್ಸಿನ ಕಿಟಕಿಯಿಂದ ಎಷ್ಟೋ ಸಲ ನೋಡಿರುತ್ತೀರಿ. ಬಿ.ವಿ. ಕಾರಂತರು ಮೊದಲ ನಿರ್ದೇಶಕರಾಗಿ 1989ರಲ್ಲಿ ಶುರು ಮಾಡಿದ ಸರ್ಕಾರಿ ರೆಪರ್ಟರಿ ಅದು. ಸಂಬಳ ಪಡೆದು ನಾಟಕವನ್ನೇ ಕೆಲಸ ಮಾಡಿಕೊಂಡ ಕಲಾವಿದರು ಅಲ್ಲಿದ್ದಾರೆ. ಅದರ ಭೂಮಿಗೀತ ರಂಗಮಂದಿರದಲ್ಲಿ ವಾರಾಂತ್ಯದ ನಾಟಕ ಸಾಮಾನ್ಯವಾಗಿ ಭಾನುವಾರ ಸಂಜೆ 6.30ಕ್ಕೆ ಇರುತ್ತದೆ. ಹೊರಡುವ ಮುಂಚೆ ಫೋನು ಮಾಡಿ ಕೇಳಿಕೊಳ್ಳಿ. ಮಾವನವರು ಮೈಸೂರಿನಲ್ಲಿ ಓದಿದವರು ಅಂದಿರಿ, ಅವರಿಗೆ ಇದು ನಿಜವಾದ ಖುಷಿ ಕೊಡುತ್ತದೆ. ನಾಟಕ ಮುಗಿದ ಮೇಲೆ ರಾತ್ರಿಯೇ ಊರಿಗೆ ಹೊರಡುವ ಯೋಚನೆ ಖಂಡಿತ ಬೇಡ. ತಿತಿಮತಿ ದಾರಿಯಲ್ಲಿ ಆನೆ ನಿಂತಿರುತ್ತದೆ, ಮಂಜೂ ಇರಬಹುದು, ನಿದ್ದೆಗಣ್ಣಿನ ಡ್ರೈವಿಂಗ್ ಬೇರೆ. ಮೈಸೂರಿನಲ್ಲಿ ಉಳಿಯಿರಿ, ಸೋಮವಾರ ಬೆಳಿಗ್ಗೆ ನಜರ್‌ಬಾದಿನ ಮೈಲಾರಿಯಲ್ಲಿ ಮೆತ್ತನೆಯ ಬೆಣ್ಣೆ ದೋಸೆ ತಿಂದು ಹೊರಟರೆ ಮಧ್ಯಾಹ್ನದ ಊಟದ ಹೊತ್ತಿಗೆ ಮನೆ. ವಿದ್ಯಾರ್ಥಿ ಭವನದ ದೋಸೆಗೂ ಇದಕ್ಕೂ ಅಜಗಜಾಂತರ. ಯಾವುದು ಹೆಚ್ಚು ಅಂತ ನಿಮ್ಮ ಮನೆಯಲ್ಲಿ ಜಗಳ ಆಗಬಹುದು.

ಸೋಮವಾರವನ್ನೂ ಸೇರಿಸಿಕೊಳ್ಳಲು ಆಗುವುದಿಲ್ಲ, ಮೂರೇ ದಿನ ಅಂದರೆ ಶನಿವಾರದ ನಾಟಕ ಬಿಟ್ಟುಬಿಡಿ. ಶುಕ್ರವಾರ ರಂಗಶಂಕರ ನೋಡಿ, ಶನಿವಾರ ನಾದಿನಿಯವರ ಮನೆಗೆ ಹೋಗಿ ಬನ್ನಿ. ಭಾನುವಾರ ಊರಿಗೆ. ರಂಗಾಯಣ ನಿಮಗೆ ದೂರವಲ್ಲ, ಅದಕ್ಕೆ ಇನ್ನೊಂದು ಭಾನುವಾರ ಬರಬಹುದು. ಚಳಿಗಾಲದಲ್ಲಿ ಅಲ್ಲಿ ಬಹುರೂಪಿ ನಾಟಕೋತ್ಸವ ನಡೆಯುವಾಗ ಕೊಯ್ಲಿನ ನಡುವೆಯೂ ಒಂದು ದಿನ ಕದ್ದು ಹೋಗಿಬರುವವರು ನಮ್ಮಲ್ಲಿ ಇದ್ದಾರೆ.

ಬಟ್ಟೆಬರೆ ಬಗ್ಗೆ ಜಾಸ್ತಿ ಯೋಚನೆ ಬೇಡ, ನಾಟಕಕ್ಕೆ ಯಾರೂ ಅಲಂಕಾರ ಮಾಡಿಕೊಂಡು ಬರುವುದಿಲ್ಲ. ಸಭಾಂಗಣದಲ್ಲಿ ಎ.ಸಿ. ಜೋರಾಗಿರುವುದುಂಟು, ಮಾವನವರಿಗೆ ಒಂದು ಸ್ವೆಟರ್ ಇರಲಿ. ಕೆಮ್ಮು ಇದ್ದರೆ ಕಾಳುಮೆಣಸು, ಕಲ್ಲುಸಕ್ಕರೆ ಜೇಬಿನಲ್ಲಿಟ್ಟುಕೊಳ್ಳಲಿ, ಪ್ಲಾಸ್ಟಿಕ್ ಕಾಗದ ಸುತ್ತಿದ ಚಾಕಲೇಟು ಬೇಡ. ಆ ಪರಪರ ಸದ್ದು ರಂಗದವರೆಗೆ ಕೇಳುತ್ತದೆ. ನಾಟಕ ಮುಗಿದ ಕೂಡಲೇ ಏಳಬೇಡಿ. ತಂಡದವರೆಲ್ಲ ಸಾಲಾಗಿ ನಿಂತು ಹೆಸರು ಹೇಳುತ್ತಾರೆ, ಮೇಲೆ ಬೆಳಕಿನ ಕೋಣೆಯಲ್ಲಿ ಕೂತವನ ಹೆಸರೂ ಅದರಲ್ಲಿರುತ್ತದೆ. ಅಲ್ಲಿಯವರೆಗೆ ಕೂತು ಚಪ್ಪಾಳೆ ತಟ್ಟಿ. ಮಾವನವರಿಗೆ ಆಸೆಯಿದ್ದರೆ ಆಮೇಲೆ ಹೊರಗೆ ಸ್ವಲ್ಪ ಹೊತ್ತು ಕಾಯಿರಿ. ನಟರು ಬಣ್ಣ ಒರೆಸಿಕೊಂಡು ಬರುತ್ತಾರೆ, ದೂರದಿಂದ ಬಂದವರು ಅಂತ ಗೊತ್ತಾದರೆ ನಿಂತು ಮಾತಾಡುತ್ತಾರೆ. ‘ಚೆನ್ನಾಗಿತ್ತು’ ಅಂತ ಒಂದೇ ಮಾತು ಹೇಳಿ ಬಿಡದೆ, ಯಾವ ದೃಶ್ಯ ಹಿಡಿಸಿತು ಅಂತ ಹೇಳಿ. ಅದಕ್ಕಾಗಿ ಅವರು ಕಾಯುತ್ತಿರುತ್ತಾರೆ.

ತಿಂಗಳ ಪಟ್ಟಿ ಬಂದ ಮೇಲೆ ಎರಡು ಮೂರು ನಾಟಕಗಳ ನಡುವೆ ಯಾವುದು ಅಂತ ತೋಚದಿದ್ದರೆ ಹೆಸರು, ತಂಡ, ದಿನ ಬರೆದು ಕಳಿಸಿ. ಮಗಳಿಗೂ ಮಾವನವರಿಗೂ ಹೊಂದುವುದು ಯಾವುದು ಅಂತ ನೋಡಿ ಹೇಳುತ್ತೇನೆ. ಸೆಪ್ಟೆಂಬರ್ ಕೊನೆಗೆ ಹೋಗುವುದಾದರೆ ಆ ತಿಂಗಳ ಮೊದಲ ವಾರದಲ್ಲೇ ಬರೆಯಿರಿ, ವಾರಾಂತ್ಯದ ಟಿಕೆಟ್ ಬೇಗ ಖಾಲಿಯಾಗುತ್ತದೆ.